ನ್ಯಾಯಮೌಲ್ಯವೆಂದರೇನು?

ನ್ಯಾಯಬೆಲೆ ಎಂದೊಡನೆ ನಮ್ಮ ಕಣ್ಣಮುಂದೆ ಪಡಿತರದ ಅಂಗಡಿ ನಿಲ್ಲುತ್ತದೆ. ಅಲ್ಲಿ ಬೆಲೆಯನ್ನು ಗೊತ್ತುಮಾಡುವುದು ಸರಕಾರ. ಬ್ಯಾಂಕುಗಳ ಲೆಕ್ಕಪತ್ರಗಳಲ್ಲಿ ಕಾಣುವ ‘ನ್ಯಾಯಮೌಲ್ಯ’ ಇದಕ್ಕಿಂತ ತೀರ ಬೇರೆಯಾದುದು. ಒಂದು ಆಸ್ತಿಯನ್ನು ಲೆಕ್ಕದ ದಿನದಂದು, ಯಾವ ಒತ್ತಾಯಕ್ಕೂ ಸಿಲುಕದೆ ಪೇಟೆಯಲ್ಲಿ ಮಾರಿದರೆ ಕೈಗೆ ಬರುವ ಬೆಲೆಯೇ ಅದರ ನ್ಯಾಯಮೌಲ್ಯ. ಅದನ್ನು ಎಷ್ಟಕ್ಕೆ ಕೊಂಡಿದ್ದೆವೆಂಬುದು ಇಲ್ಲಿ ಮುಖ್ಯವಲ್ಲ.

ಬ್ಯಾಂಕೊಂದು ನೂರು ರೂಪಾಯಿಯ ಸರಕಾರಿ ಸಾಲಪತ್ರವನ್ನು ಕೊಂಡಿದೆಯೆನ್ನೋಣ. ಅವಧಿ 10 ವರ್ಷ, ವರ್ಷಕ್ಕೆ 5 ರೂಪಾಯಿ ಬಡ್ಡಿ. ಕೆಲವೇ ದಿನಗಳಲ್ಲಿ ಹೊಸ ಪತ್ರಗಳಿಗೆ 7 ರೂಪಾಯಿ ಬಡ್ಡಿ ದೊರೆಯತೊಡಗಿದರೆ ಹಳೆಯದನ್ನು ನೂರಕ್ಕೆ ಕೊಳ್ಳುವವರಾರು? ಸುಮಾರು 86ಕ್ಕೆ ಇಳಿಸಿದರಷ್ಟೇ ಅದು ಮಾರಾಟವಾದೀತು. ಸಾಲ ಪಡೆದವರು ಮೋಸಮಾಡಿಲ್ಲ, ಬಡ್ಡಿಯೂ ತಪ್ಪಿಲ್ಲ. ಆದರೂ 14 ರೂಪಾಯಿ ಕರಗಿದೆ.

ಈ ನಷ್ಟವನ್ನು ಲೆಕ್ಕದಲ್ಲಿ ತೋರಿಸಬೇಕೆ? ಅವಧಿ ಮುಗಿಯುವವರೆಗೆ ಕಾಯುವವರಿಗೆ ಪೂರ್ತಿ ನೂರು ರೂಪಾಯಿ ಬರುತ್ತದೆ. ಆದ್ದರಿಂದ ಹಾಗೆ ಇಟ್ಟುಕೊಳ್ಳಲೆಂದೇ ತೆಗೆದಿರಿಸಿದ ಪತ್ರಗಳನ್ನು ಕೊಂಡ ಬೆಲೆಯ ಆಧಾರದಲ್ಲೇ ತೋರಿಸಲು ನಿಯಮಗಳು ಒಪ್ಪುತ್ತವೆ. ಅಡಿಕೆಯನ್ನು ಉಗ್ರಾಣದಲ್ಲಿಟ್ಟ ಬೆಳೆಗಾರ ಪೇಟೆಯ ಧಾರಣೆ ಕುಸಿದರೂ ನಿಶ್ಚಿಂತನಾಗಿರುವಂತೆಯೇ ಇದು. ಆದರೆ ಮನೆಯಲ್ಲಿ ಮದುವೆ ಗೊತ್ತಾದ ಮೇಲೆ ಆ ನಿಶ್ಚಿಂತೆ ಉಳಿಯದು.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಅಂಥ ಗಳಿಗೆ 2023ರ ಮಾರ್ಚಿಯಲ್ಲಿ ಬಂದಿತು. 2022ರ ಕೊನೆಯಲ್ಲಿ ಈ ಬಗೆಯ ಪತ್ರಗಳನ್ನು ಅದು ಸುಮಾರು 9,100 ಕೋಟಿ ಡಾಲರುಗಳೆಂದು ತೋರಿಸಿತ್ತು. ಅವುಗಳ ನ್ಯಾಯಮೌಲ್ಯ ಸುಮಾರು 7,600 ಕೋಟಿ. ನಡುವಣ ಅಂತರ ಬ್ಯಾಂಕಿನ ಸ್ವಂತ ಬಂಡವಾಳವನ್ನೇ ಬಹುಮಟ್ಟಿಗೆ ನುಂಗುವಷ್ಟಿತ್ತು. ಮಾರ್ಚಿ 8ರಂದು ಬ್ಯಾಂಕು ಬೇರೆ ಕೆಲವು ಪತ್ರಗಳನ್ನು ಮಾರಿ 180 ಕೋಟಿ ಡಾಲರು ಕಳೆದುಕೊಂಡುದನ್ನು ಪ್ರಕಟಿಸಿತು. ಮರುದಿನ ಠೇವಣಿದಾರರು 4,200 ಕೋಟಿ ಡಾಲರನ್ನು ಹಿಂದಕ್ಕೆ ಕೇಳಿದರು. 10ರಂದು ಬ್ಯಾಂಕು ಮುಚ್ಚಿತು. ಎರಡು ಅಂಕಿಗಳೂ ವಾರ್ಷಿಕ ವರದಿಯಲ್ಲಿಯೇ ಅಚ್ಚಾಗಿದ್ದವೆಂಬುದು ಇಲ್ಲಿ ಗಮನಿಸತಕ್ಕ ಮಾತು.

ಹಾಗೆಂದು ನ್ಯಾಯಮೌಲ್ಯವೇ ಪರಮಸತ್ಯವಲ್ಲ. ಭೀತಿಯ ದಿನಗಳಲ್ಲಿ ಪೇಟೆಯ ಬೆಲೆ ವಿವೇಕವನ್ನು ಮೀರಿ ಕುಸಿಯಬಹುದು. ಕೆಲವು ಆಸ್ತಿಗಳಿಗೆ ಪೇಟೆಯೇ ಇರುವುದಿಲ್ಲ. ಆದಕಾರಣ 2024ರ ಏಪ್ರಿಲ್ 1ರಿಂದ ನಮ್ಮ ಬ್ಯಾಂಕುಗಳ ಹೂಡಿಕೆಗೆ ಅನ್ವಯಿಸುವ ರಿಸರ್ವ್ ಬ್ಯಾಂಕಿನ ನಿಯಮಗಳು ಈ ಮೌಲ್ಯವನ್ನು ಮೂರು ಹಂತಗಳಲ್ಲಿ ವಿಂಗಡಿಸುತ್ತವೆ: ಅದೇ ಪತ್ರಕ್ಕೆ ಪೇಟೆಯಲ್ಲಿ ನೇರವಾಗಿ ದೊರೆತ ಬೆಲೆ ಮೊದಲನೆಯದು, ಹೋಲುವ ಪತ್ರಗಳ ಬೆಲೆಯಿಂದಲೋ ಪೇಟೆಯ ಬಡ್ಡಿದರದಿಂದಲೋ ಊಹಿಸಿದ್ದು ಎರಡನೆಯದು, ಪೇಟೆಯ ಆಧಾರವಿಲ್ಲದೆ ಬ್ಯಾಂಕೇ ಕಟ್ಟಿದ ಅಂದಾಜು ಮೂರನೆಯದು. ಮೂರನೆಯ ಹಂತದ ಅಂಕಿಯನ್ನು ಹೆಚ್ಚಿನ ಎಚ್ಚರದಿಂದ ಓದಬೇಕು.

ಕೊಂಡ ಬೆಲೆಯ ಲೆಕ್ಕ ಸುಳ್ಳಲ್ಲ. ಬ್ಯಾಂಕು ಕಾಯಬಲ್ಲಷ್ಟು ಕಾಲ ಅದು ನಿಜ. ಆದರೆ ಎಷ್ಟು ಕಾಲ ಕಾಯಬಹುದೆಂಬುದನ್ನು ನಿರ್ಧರಿಸುವವರು ಬ್ಯಾಂಕಿನವರಲ್ಲ, ಹಣವಿಟ್ಟ ನಾವು.