ಪ್ರವಾಸಿಗನ ಮಸೂರ: ಉಂಗುರವನ್ನು ನೋಡಿ ಕೊಳ್ಳಿರಿ

ಬೇಸಗೆಯ ರಜೆ ಬಂತೆಂದರೆ ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ನಮ್ಮವರು ಊರಿನ ಹಾದಿ ಹಿಡಿಯುವುದು ವಾಡಿಕೆ. ಹೊರಟವರ ಸಾಮಾನಿನಲ್ಲಿ ಈಚೆಗೆ ಒಂದು ಒಳ್ಳೆಯ ಕ್ಯಾಮರಾ ಸೇರಿಕೊಂಡಿರುವುದೂ ಉಂಟು. ಜೇಬಿನೊಳಗಿನ ಫೋನೇ ಚಿತ್ರ ತೆಗೆಯಬಲ್ಲ ಈ ಕಾಲದಲ್ಲಿ ಬೇರೊಂದು ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು ಹೋಗುವವರು ಆ ಕೆಲಸದಲ್ಲಿ ಮನಸ್ಸಿಟ್ಟವರೇ ಆಗಿರಬೇಕು. ಕ್ಯಾಮರಾದೊಡನೆ ಬಂದ ಜೂಮ್ ಮಸೂರ ಸ್ವಲ್ಪ ಕಾಲದಲ್ಲಿಯೇ ಇಂಥವರಿಗೆ ಸಾಲದೆನಿಸುತ್ತದೆ. ಕೈಯಿಂದಲೇ ಫೋಕಸ್ ಮಾಡತಕ್ಕ, ಜೂಮ್ ಇಲ್ಲದ, 'ಸ್ಟ್ಯಾಂಡರ್ಡ್ ಲೆನ್ಸ್' ಎಂದು ಹೆಸರಾದ ಮಸೂರದ ಮೇಲೆ ಕಣ್ಣು ಹೋಗುತ್ತದೆ. ಸ್ಥಿರಚಿತ್ರಕ್ಕೂ ವೀಡಿಯೋಕ್ಕೂ ಒಂದೇ ಮಸೂರ ಸಾಕಾಗುವಂತೆ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ಆಗ ಏಳುತ್ತದೆ.

ಅಂಗಡಿಗೆ ಹೋದವರು ಮೊದಲು ವಿಚಾರಿಸುವುದು ಎಫ್ ಸಂಖ್ಯೆಯನ್ನು. 1.8 ಇದ್ದರೆ 1.4 ಇದೆಯೇ, 1.4 ಇದ್ದರೆ 1.2 ಸಿಗುವುದೇ ಎಂದು ಕೇಳುತ್ತ ಹೋಗುತ್ತಾರೆ. ಸಂಖ್ಯೆ ಇಳಿದಂತೆ ಬೆಲೆ ಏರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಎಲ್ಲಕ್ಕಿಂತ ಕಡೆಗೆ ಕೇಳತಕ್ಕ ಪ್ರಶ್ನೆ. ತಮ್ಮ ಕ್ಯಾಮರಾದ ಸೆನ್ಸರಿನ ಅಳತೆ ಎಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬಳಿಕ ಮಸೂರದ ಫೋಕಸ್ ಉಂಗುರವನ್ನು ಬೆರಳಿನಿಂದ ತಿರುಗಿಸಿ ನೋಡಬೇಕು.

ಅಳತೆಯ ಮಾತನ್ನು ಮೊದಲು ಮುಗಿಸೋಣ. 1925ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮರಾಕ್ಕೆ 50 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಕೂಡಿಸಿದ್ದರು. ಅದರ ಫಿಲ್ಮಿನ ಚೌಕಟ್ಟು 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ್ದು, ಅದರ ಕರ್ಣ ಸುಮಾರು 43 ಮಿ.ಮೀ. ಚೌಕಟ್ಟಿನ ಕರ್ಣಕ್ಕೆ ಸಮೀಪವಾದ ಸಂಗಮದೂರವುಳ್ಳ ಮಸೂರವು ದೃಶ್ಯವನ್ನು ಹಿಗ್ಗಿಸದೆ ಕುಗ್ಗಿಸದೆ, ಕಣ್ಣಿಗೆ ಒಗ್ಗುವ ಪ್ರಮಾಣದಲ್ಲಿ ತೋರಿಸುತ್ತದೆ. ಆದ್ದರಿಂದಲೇ ಅದಕ್ಕೆ ಸ್ಟ್ಯಾಂಡರ್ಡ್ ಎಂಬ ಹೆಸರು. ಇಂದಿನ 'ಫುಲ್ ಫ್ರೇಮ್' ಕ್ಯಾಮರಾಗಳ ಸೆನ್ಸರೂ ಅದೇ ಅಳತೆಯದಾದುದರಿಂದ ಅವುಗಳಲ್ಲಿ 50 ಮಿ.ಮೀ. ಮಸೂರ 50ರಂತೆಯೇ ನಡೆದುಕೊಳ್ಳುತ್ತದೆ. ಆದರೆ ನಮ್ಮಲ್ಲಿ ಅನೇಕರ ಕೈಯಲ್ಲಿರುವುದು ಅದಕ್ಕಿಂತ ಚಿಕ್ಕದಾದ ಎ.ಪಿ.ಎಸ್.-ಸಿ. ಸೆನ್ಸರು. ಅದರಲ್ಲಿ 50ರ ಮಸೂರ 75ರಂತೆ ಕಾಣಿಸುತ್ತದೆ. ಊರಮನೆಯ ಜಗಲಿಯಲ್ಲಿ ನಾಲ್ಕು ಜನರನ್ನು ಚೌಕಟ್ಟಿನೊಳಗೆ ತರಬೇಕಾದರೆ ಛಾಯಾಗ್ರಾಹಕನು ಅಂಗಳಕ್ಕೆ ಇಳಿಯಬೇಕಾದೀತು. ಇವರು 33 ಅಥವಾ 35 ಮಿ.ಮೀ. ಮಸೂರವನ್ನು ಹುಡುಕಬೇಕು. ಹಳೆಯ ಮಸೂರವೇ ಬೇಕೆಂಬವರಿಗೆ 28 ಮಿ.ಮೀ. ಒಳ್ಳೆಯದು, ಎ.ಪಿ.ಎಸ್.-ಸಿ.ಯಲ್ಲಿ ಅದು 42ರಂತೆ ಕಾಣುತ್ತದೆ, ಅಂದರೆ ಮೇಲೆ ಹೇಳಿದ ಕರ್ಣದ ಅಳತೆಗೆ 50ಕ್ಕಿಂತಲೂ ಹತ್ತಿರ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೂ ಚಿಕ್ಕ ಸೆನ್ಸರಿನವರಿಗೆ 25 ಮಿ.ಮೀ. ಬೇಕು. ಇನ್ನೊಂದು ಎಚ್ಚರಿಕೆ: ಕೆಲವು ಕ್ಯಾಮರಾಗಳು 4ಕೆ ವೀಡಿಯೋ ತೆಗೆಯುವಾಗ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತವೆ. ಸ್ಥಿರಚಿತ್ರದಲ್ಲಿ ಸರಿಯಾಗಿದ್ದ ಮಸೂರ ವೀಡಿಯೋದಲ್ಲಿ ಇಕ್ಕಟ್ಟಾಗುವುದು ಇದರಿಂದಲೇ. ಕೊಳ್ಳುವ ಮೊದಲು ತಮ್ಮ ಕ್ಯಾಮರಾದ ಈ ಗುಣವನ್ನು ತಿಳಿದುಕೊಂಡಿರಬೇಕು.

ಒಂದೇ ಸಂಗಮದೂರದಿಂದ ಪ್ರವಾಸದಲ್ಲಿ ಕೆಲಸ ಸಾಗುವುದೇ ಎಂದು ಶಂಕಿಸುವವರಿದ್ದಾರೆ. ಫ್ರಾನ್ಸಿನ ಹೆನ್ರಿ ಕಾರ್ತಿಯೆ-ಬ್ರೆಸಾನ್ ತನ್ನ ಜೀವಮಾನದ ಬಹುಪಾಲು ಕೆಲಸವನ್ನು ಲೈಕಾದ 50 ಮಿ.ಮೀ. ಮಸೂರದಿಂದಲೇ ಮಾಡಿದನು. 1948ರ ಜನವರಿ 30ರಂದು, ಹತ್ಯೆಗೆ ಸ್ವಲ್ಪ ಮೊದಲು ಗಾಂಧೀಜಿಯವರನ್ನು ಕಂಡವರಲ್ಲಿ ಅವನೂ ಒಬ್ಬ. ಅವರ ಅಂತ್ಯಯಾತ್ರೆಯ ಅವನ ಚಿತ್ರಗಳು ಲೋಕಪ್ರಸಿದ್ಧವಾಗಿವೆ. ಅಂಥ ಕಣ್ಣು ಎಲ್ಲರಿಗೂ ಇರದು ಎಂಬುದು ಬೇರೆ ಮಾತು. ಹಂಪಿಯಲ್ಲಿ ಲೆಕ್ಕ ಹಾಕಿ ನೋಡಿದರೆ ಈ ಮಸೂರದ ಬಲವೂ ಮಿತಿಯೂ ತಿಳಿಯುತ್ತವೆ. ವಿರೂಪಾಕ್ಷ ದೇವಾಲಯದ ಮಹಾಗೋಪುರ ಸುಮಾರು 50 ಮೀಟರ್ ಎತ್ತರದ್ದು. ಕ್ಯಾಮರಾವನ್ನು ನೆಟ್ಟಗೆ ಹಿಡಿದರೆ ಸುಮಾರು 70 ಮೀಟರ್ ದೂರದಿಂದಲೂ, ವೀಡಿಯೋಕ್ಕಾಗಿ ಅಡ್ಡ ಹಿಡಿದರೆ ನೂರು ಮೀಟರಿಗೂ ಮಿಕ್ಕ ದೂರದಿಂದಲೂ ಮಾತ್ರ ಅದು ಪೂರ್ಣವಾಗಿ ಚೌಕಟ್ಟಿಗೆ ಬರುತ್ತದೆ. ಎದುರಿನ ರಥಬೀದಿ ಉದ್ದವಾಗಿರುವುದರಿಂದ ಹಿಂದೆ ಸರಿಯಲು ತೊಂದರೆಯಿಲ್ಲ. ಹಾಗೆ ಸರಿದಾಗ ಇಕ್ಕೆಲದ ಕಲ್ಲುಮಂಟಪಗಳೂ ಚಿತ್ರದೊಳಗೆ ಬಂದು ಗೋಪುರಕ್ಕೆ ಅದರ ಬೀದಿ ದೊರೆಯುತ್ತದೆ. ಹಳೇಬೀಡಿನ ಭಿತ್ತಿಯ ಆನೆ-ಕುದುರೆಗಳ ಸಾಲಿಗಾಗಲಿ, ಸಂತೆಯಲ್ಲಿ ವೀಳೆಯದೆಲೆ ಮಾರುವವಳ ಮುಖಕ್ಕಾಗಲಿ ಇದಕ್ಕಿಂತ ಸಹಜವಾದ ಮಸೂರವಿಲ್ಲ. ಆದರೆ ಬೇಲೂರಿನಲ್ಲಿ ಮೇಲೆ ನಿಂತ ಮದನಿಕೆಯರನ್ನು ಹತ್ತಿರಕ್ಕೆ ತರಲು ಇದಕ್ಕೆ ಶಕ್ತಿ ಸಾಲದು. ಅದೊಂದನ್ನು ಕಣ್ಣಿನಿಂದಲೇ ನೋಡಿ ತೃಪ್ತಿಪಡಬೇಕು.

ಇನ್ನು ಉಂಗುರದ ವಿಚಾರ. ಇಂದಿನ ಕ್ಯಾಮರಾಗಳು ಮನುಷ್ಯರ ಕಣ್ಣನ್ನು ಗುರುತಿಸಿ ತಾವೇ ಫೋಕಸ್ ಮಾಡುತ್ತವೆ, ಮತ್ತು ಆ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ಓಡಾಡುವ ಮಕ್ಕಳ ಚಿತ್ರವೇ ಮುಖ್ಯವಾಗಿರುವವರು ಕೈಫೋಕಸಿನ ಗೋಜಿಗೆ ಹೋಗಬೇಕಾಗಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ಯಕ್ಷಗಾನದ ರಾತ್ರಿಯನ್ನು ಯೋಚಿಸಿರಿ. ವೇಷಧಾರಿ ರಂಗದ ಮೇಲೆ ಪ್ರವೇಶ ಮಾಡುತ್ತಿರುವಾಗ ಮುಂದಿನ ಸಾಲಿನವರೊಬ್ಬರು ಎದ್ದು ನಿಂತರೆ ಯಂತ್ರದ ಫೋಕಸ್ ಅವರ ತಲೆಯ ಮೇಲೆ ಬಂದು ಕುಳಿತೀತು; ಪುನಃ ವೇಷವನ್ನು ಹುಡುಕಿ ಹಿಡಿಯುವಷ್ಟರಲ್ಲಿ ಪ್ರವೇಶವೇ ಮುಗಿದಿರುತ್ತದೆ. ಕೈಯಿಂದ ನಿಲ್ಲಿಸಿದ ಫೋಕಸ್ ನಿಲ್ಲಿಸಿದಲ್ಲಿಯೇ ನಿಲ್ಲುತ್ತದೆ. ಆಟೋಫೋಕಸ್ ಮಸೂರದಲ್ಲಿಯೂ ಉಂಗುರವಿದೆಯಲ್ಲ ಎನ್ನಬಹುದು. ಅವುಗಳಲ್ಲಿ ಬಹುತೇಕ ಮಸೂರಗಳ ಉಂಗುರ ಒಳಗಿನ ಮೋಟಾರಿಗೆ ಸೂಚನೆ ಕೊಡುವ ಗುಂಡಿ ಮಾತ್ರ; ಬೇಗ ತಿರುಗಿಸಿದರೆ ಒಂದು ದೂರ, ನಿಧಾನವಾಗಿ ತಿರುಗಿಸಿದರೆ ಇನ್ನೊಂದು ದೂರ. ಕೈಫೋಕಸಿನ ಮಸೂರದಲ್ಲಿಯಾದರೋ ಉಂಗುರ ತಿರುಪಿನ ಮೂಲಕ ಗಾಜನ್ನೇ ಮುಂದಕ್ಕೂ ಹಿಂದಕ್ಕೂ ಒಯ್ಯುತ್ತದೆ. ಎರಡು ಮೀಟರಿನ ಗುರುತಿನಿಂದ ಐದರ ಗುರುತಿಗೆ ಹತ್ತು ಸಲ ತಿರುಗಿಸಿದರೂ ಹತ್ತು ಸಲವೂ ಅದೇ ಜಾಗಕ್ಕೆ ಬರುತ್ತದೆ. ವೀಡಿಯೋ ತೆಗೆಯುವವರಿಗೆ ಬೇಕಾದುದು ಇದು.

ಸಿನಿಮಾದವರು ಬಹುಕಾಲದಿಂದ ಹೀಗೆಯೇ ಕೆಲಸ ಮಾಡಿಕೊಂಡು ಬಂದವರು. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ನಮ್ಮ ವಿ. ಕೆ. ಮೂರ್ತಿಯವರು 1959ರಲ್ಲಿ 'ಕಾಗಜ್ ಕೆ ಫೂಲ್' ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತೆಗೆದಾಗ ತಾನಾಗಿ ಫೋಕಸ್ ಮಾಡುವ ಯಂತ್ರವಿರಲಿಲ್ಲ. ದೂರವನ್ನು ಟೇಪಿನಿಂದ ಅಳೆದು, ನೆಲದ ಮೇಲೂ ಮಸೂರದ ಮೇಲೂ ಗುರುತು ಮಾಡಿಕೊಂಡು, ನಟರು ನಡೆದಂತೆ ಸಹಾಯಕನೊಬ್ಬನು ಉಂಗುರ ತಿರುಗಿಸುವುದು ಆ ಕಸಬಿನ ರೂಢಿ. ಪ್ರವಾಸಿಗನಿಗೆ ಸಹಾಯಕನಿಲ್ಲ. ಆದರೆ ಉಂಗುರದ ಮೇಲೆ ಎರಡು ತುಂಡು ಕಾಗದದ ಪಟ್ಟಿ ಅಂಟಿಸಿಕೊಂಡು ಅಭ್ಯಾಸ ಮಾಡಲು ಅಡ್ಡಿಯೇನೂ ಇಲ್ಲ.

ಒಳ್ಳೆಯ ಉಂಗುರವೆಂದರೆ ಹೇಗಿರಬೇಕು? ಹತ್ತಿರದಿಂದ ಅನಂತದವರೆಗೆ ಸುಮಾರು ಅರ್ಧ ಸುತ್ತು ತಿರುಗಬೇಕು. ಕಾಲು ಸುತ್ತಿಗಿಂತ ಕಡಿಮೆಯಾದರೆ ಸೂಕ್ಷ್ಮವಾಗಿ ನಿಲ್ಲಿಸುವುದು ಕಷ್ಟ. ಎರಡು ಬೆರಳಿಗೆ ಒಂದೇ ಸಮನಾದ ಬಿಗಿ ತಿಳಿಯಬೇಕು. ಎಲ್ಲಿಯೂ ಸಡಿಲ, ತಡೆ, ಮರಳು ಉಜ್ಜಿದಂಥ ಸದ್ದು ಇರಬಾರದು. ಹಳೆಯ ಮಸೂರದ ಗ್ರೀಸು ಒಣಗಿದ್ದರೆ ಉಂಗುರ ಗಟ್ಟಿಯಾಗುತ್ತದೆ. ಇಲ್ಲಿ ಸರಿಯಾಗಿದ್ದುದು ಹಿಮಾಲಯದ ಚಳಿಯಲ್ಲಿ ಇನ್ನಷ್ಟು ಬಿಗಿದುಕೊಳ್ಳುವುದನ್ನು ದಿಲ್ಲಿಯ ವಾಚಕರು ವಿಶೇಷವಾಗಿ ಗಮನದಲ್ಲಿಡಬೇಕು. ಇನ್ನೊಂದು: ನಿಕಾನ್ ಉಂಗುರ ತಿರುಗುವ ದಿಕ್ಕು ಕ್ಯಾನನ್ನಿನದಕ್ಕೆ ವಿರುದ್ಧ. ಎರಡನ್ನೂ ಇಟ್ಟುಕೊಂಡವರ ಕೈ ಸಮಯಕ್ಕೆ ಸರಿಯಾಗಿ ತಪ್ಪುತ್ತದೆ.

ಈಗ ಎಫ್ ಸಂಖ್ಯೆಗೆ ಬರೋಣ. ಊರಿನಲ್ಲಿ ಅಜ್ಜಿಯೊಬ್ಬರನ್ನು ಜಗಲಿಯಲ್ಲಿ ಕೂಡಿಸಿ ಅವರ ಬಾಯಿಂದ ಹಳೆಯ ಸಂಗತಿಗಳನ್ನು ವೀಡಿಯೋದಲ್ಲಿ ಹಿಡಿಯುತ್ತೀರೆಂದು ಇಟ್ಟುಕೊಳ್ಳಿರಿ. ದೂರ ಎರಡು ಮೀಟರ್. ಫುಲ್ ಫ್ರೇಮಿನಲ್ಲಿ 50 ಮಿ.ಮೀ. ಮಸೂರವನ್ನು ಎಫ್ 1.4ರಲ್ಲಿ ತೆರೆದರೆ ಸ್ಫುಟವಾಗಿ ಕಾಣುವ ಆಳ ಸುಮಾರು 13 ಸೆಂಟಿಮೀಟರ್. ಎಫ್ 4ಕ್ಕೆ ಇಳಿಸಿದರೆ ಸುಮಾರು 38 ಸೆಂಟಿಮೀಟರ್. ಎಲೆಯಡಿಕೆಯ ತಟ್ಟೆಗೆಂದು ಅಜ್ಜಿ ಒಮ್ಮೆ ಮುಂದಕ್ಕೆ ಬಾಗಿದರೆ 13 ಸೆಂಟಿಮೀಟರು ಎಲ್ಲಿ ಉಳಿಯಿತು? ಮಾತು ಮುಂದುವರಿಯುತ್ತದೆ, ಮುಖ ಮಾತ್ರ ಮಸಕು. ಮುಂದಿನ ರಜೆಗೆ ಆ ಮಾತನ್ನು ಇನ್ನೊಮ್ಮೆ ಆಡಿಸಬಹುದೆಂಬ ಭರವಸೆ ಯಾರಿಗಿದೆ? ಇಂಥ ಕೆಲಸಕ್ಕೆ ಎಫ್ 4 ಅಥವಾ 5.6 ಬೇಕು, ಆ ಅಂಕಗಳಲ್ಲಿ ಬೆಲೆ ಹೆಚ್ಚಿನ 1.2ರ ಮಸೂರಕ್ಕೂ ಸಾಮಾನ್ಯ 1.8ರದಕ್ಕೂ ಪ್ರವಾಸಿಗನ ಕಣ್ಣಿಗೆ ಕಾಣುವ ಅಂತರ ಅತ್ಯಲ್ಪ. ದೇವಾಲಯದ ಕತ್ತಲ ನವರಂಗದಲ್ಲಿ 1.8 ನೆರವಾಗುತ್ತದೆ, ಅದೂ ಸಾಕಾಗುತ್ತದೆ. ಆದುದರಿಂದ 1.8 ಅಥವಾ 2ರ ಮಸೂರವನ್ನು ಕೊಂಡು ಮಿಕ್ಕ ಹಣದಿಂದ ಒಳ್ಳೆಯ ಮೈಕನ್ನು ಕೊಂಡರೆ ಅಜ್ಜಿಯ ಮಾತಾದರೂ ಸ್ಪಷ್ಟವಾಗಿ ಕೇಳಿಸೀತು.

ಬೀದಿಯಲ್ಲಿ ನಡೆಯುವಾಗ ಉಂಗುರವನ್ನು ಮುಟ್ಟದೆಯೂ ಕೆಲಸ ನಡೆಸಬಹುದು. 50 ಮಿ.ಮೀ. ಮಸೂರವನ್ನು ಎಫ್ 8ಕ್ಕೆ ಇಳಿಸಿ ಹತ್ತೂವರೆ ಮೀಟರಿನಲ್ಲಿ ನಿಲ್ಲಿಸಿದರೆ ಸುಮಾರು ಐದೂಕಾಲು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಫುಟ.

ಯಾವ ಮಸೂರ ಎಂದರೆ, ನಮ್ಮ ಮೊದಲ ಆಯ್ಕೆ ನಿಕಾನಿನ ಹಳೆಯ ನಿಕ್ಕೋರ್ 50 ಮಿ.ಮೀ. ಎಫ್ 1.8. ನಿಕಾನಿನ ಎಫ್ ಮೌಂಟ್ 1959ರಿಂದ ಬಂದುದು. ಅಡಾಪ್ಟರುಗಳು ಎಲ್ಲೆಲ್ಲಿಯೂ ದೊರೆಯುತ್ತವೆ. ಒಲಿಂಪಸ್ಸಿನ 50 ಎಫ್ 1.8 ಇನ್ನೂ ಚಿಕ್ಕದು. ಸೋವಿಯೆತ್ ದೇಶದಲ್ಲಿ ಲಕ್ಷೋಪಲಕ್ಷವಾಗಿ ತಯಾರಾದ ಹೆಲಿಯಾಸ್ 44-2 ಎಂಬುದು 58 ಮಿ.ಮೀ. ಎಫ್ 2ರದು, ಅದರ ಒಂದು ಅಪರ್ಚರ್ ಉಂಗುರ ಟಿಕ್ಕೆನ್ನದೆ ಸರಾಗವಾಗಿ ತಿರುಗುವುದರಿಂದ ವೀಡಿಯೋದವರಿಗೆ ಪ್ರಿಯ. ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸುವುದು ಅದರ ಸ್ವಭಾವ. ಅದು ಕೆಲವರಿಗೆ ಸೊಗಸು; ನಮಗೆ ಎರಡು ಚಿತ್ರಗಳಲ್ಲಿ ಸಾಕೆನಿಸುತ್ತದೆ. ಪೆಂಟಾಕ್ಸಿನ ಸೂಪರ್ ಟಾಕುಮಾರ್ 50 ಎಫ್ 1.4ರ ಉಂಗುರ ಬೆಣ್ಣೆಯಂಥದು. ಆದರೆ ಅದರ ಏಳು ಗಾಜಿನ ಮಾದರಿಯಲ್ಲಿ ಥೋರಿಯಂ ಬೆರೆಸಿದ ಗಾಜಿದ್ದು, ಕಾಲ ಕಳೆದಂತೆ ಹಳದಿಯಾಗುತ್ತದೆ. ಹಲವು ದಿನ ಬಿಸಿಲಿಗಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದಾದರೂ, ಬಿಸಿಲಿನ ಮಸೂರ ಬೆಂಕಿ ಹೊತ್ತಿಸಬಲ್ಲುದೆಂಬುದನ್ನು ಮರೆತು ಪರದೆಯ ಬಳಿ ಇಡಬಾರದು. ಎ.ಪಿ.ಎಸ್.-ಸಿ.ಯವರಿಗೆ ಚೀನದ ಸೆವೆನ್ ಆರ್ಟಿಸಾನ್ಸ್, ಟಿ.ಟಿ. ಆರ್ಟಿಸಾನ್ ಮೊದಲಾದವರ ಹೊಸ 35 ಮಿ.ಮೀ. ಮಸೂರಗಳು ಅಗ್ಗವಾಗಿಯೂ ಹಗುರವಾಗಿಯೂ ಸಿಗುತ್ತವೆ. ಹಣಕ್ಕೆ ಹಿಂದುಮುಂದು ನೋಡದವರಿಗೆ ಜಪಾನಿನ ಕೊಸಿನಾ ಕಂಪೆನಿಯ ಫಾಯ್ಟ್‌ಲೆಂಡರ್ ಮಸೂರಗಳಿವೆ.

ಹಳೆಯ ಮಸೂರಗಳು ಇಂದಿನ ಕ್ಯಾಮರಾಗಳಿಗೆ ಹೊಂದುವ ಕಾರಣ ಸರಳ. ನಿಕಾನಿನ ಹಳೆಯ ಮಸೂರ ಫಿಲ್ಮಿನಿಂದ 46.5 ಮಿ.ಮೀ. ದೂರದಲ್ಲಿರಬೇಕು, ಕನ್ನಡಿಯಿಲ್ಲದ ಸೋನಿ ಕ್ಯಾಮರಾದಲ್ಲಿ ಮೌಂಟಿನಿಂದ ಸೆನ್ಸರಿಗೆ ಇರುವುದು 18 ಮಿ.ಮೀ. ಮಾತ್ರ. ನಡುವಿನ 28.5 ಮಿ.ಮೀ. ತುಂಬುವ ಲೋಹದ ಬಳೆಯೇ ಅಡಾಪ್ಟರ್. ತೀರ ಅಗ್ಗದ ಬಳೆಗಳು ಒಂದು ಕೂದಲಿನಷ್ಟು ಕಿರಿದಾಗಿದ್ದು, ಮಸೂರದ ಮೇಲೆ ಬರೆದ ದೂರದ ಅಂಕಗಳನ್ನೆಲ್ಲ ಸುಳ್ಳು ಮಾಡುತ್ತವೆ. ಕ್ಯಾಮರಾದ ಪಟ್ಟಿಯಲ್ಲಿ 'ಲೆನ್ಸ್ ಇಲ್ಲದೆಯೂ ಚಿತ್ರ ತೆಗೆ' ಎಂಬ ಅನುಮತಿಯನ್ನು ಕೊಡುವುದೂ, ನಡುಕ ತಡೆಯುವ ಸೌಕರ್ಯವಿದ್ದರೆ ಅದಕ್ಕೆ ಸಂಗಮದೂರವನ್ನು ಕೈಯಾರೆ ತಿಳಿಸುವುದೂ ಅಗತ್ಯ.

ವೀಡಿಯೋದವರಿಗೆ ಇನ್ನೂ ಒಂದು ಖರ್ಚಿದೆ. ಸೆಕೆಂಡಿಗೆ 25 ಚೌಕಟ್ಟುಗಳ ವೀಡಿಯೋಕ್ಕೆ ಷಟರು 1/50 ಸೆಕೆಂಡಿನಲ್ಲಿದ್ದರೆ ಚಲನೆ ಸಹಜವಾಗಿ ಕಾಣುತ್ತದೆ. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನ ದೀಪಗಳ ಮಿಣುಕೂ ಇದರಿಂದ ತಪ್ಪುತ್ತದೆ. ಆದರೆ ನಡುಹಗಲ ಬಿಸಿಲಿನಲ್ಲಿ ಐ.ಎಸ್.ಒ. 100 ಇಟ್ಟು ಎಫ್ 4ರಲ್ಲಿ ತೆಗೆಯಬೇಕಾದರೆ ಬೆಳಕನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸುವ ಎನ್.ಡಿ. ಫಿಲ್ಟರ್ ಬೇಕು.

ಕೊಳ್ಳುವ ಸ್ಥಳಗಳೆಂದರೆ ಮುಂಬಯಿಯಲ್ಲಿ ಕೋಟೆಯ ಬೋರಾಬಜಾರಿನ ಸುತ್ತಿನ ಅಂಗಡಿಗಳು, ದಿಲ್ಲಿಯಲ್ಲಿ ಚಾಂದನಿ ಚೌಕದ ಕ್ಯಾಮರಾ ಪೇಟೆ. ಹೋಗುವಾಗ ಒಂದು ಸಣ್ಣ ಟಾರ್ಚನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣಗಳಿಂದ ಏನೂ ಕೆಡುವುದಿಲ್ಲ. ಜೇಡರ ಬಲೆಯಂಥ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಕೆಳಗಿಡುವುದು ಲೇಸು, ಏಕೆಂದರೆ ಅದು ಗಾಜಿನ ಲೇಪವನ್ನೇ ತಿಂದಿರಬಹುದು. ಅಪರ್ಚರಿನ ಅಲಗುಗಳ ಮೇಲೆ ಎಣ್ಣೆಯ ಹೊಳಪಿದೆಯೇ ಎಂಬುದನ್ನೂ ನೋಡಬೇಕು.

ಮುಂಬಯಿಯ ಮಳೆಗಾಲ ಬೂಷ್ಟಿನ ತವರು. ಮಂಗಳೂರಿನದೂ ಚೆನ್ನೈಯದೂ ಇದಕ್ಕೆ ಕಡಿಮೆಯಿಲ್ಲ. ಗಾಳಿಯ ತೇವ ಬಹುಕಾಲ ಶೇಕಡಾ 60ನ್ನು ಮೀರಿ ನಿಂತರೆ ಅದು ಬೆಳೆಯಲಾರಂಭಿಸುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿನ ಕತ್ತಲೆಗೆ ತಳ್ಳುವುದು ಅದಕ್ಕೆ ಊಟವಿಕ್ಕಿದಂತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಜೊತೆಗೆ ತೇವ ತೋರಿಸುವ ಸಣ್ಣ ಮಾಪಕ, ಇಷ್ಟಿದ್ದರೆ ಸಾಕು. ಮಾಪಕದ ಮುಳ್ಳು 40 ಮತ್ತು 50ರ ನಡುವೆ ಇರಲಿ. ಬಣ್ಣ ಬದಲಿದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ತೇವ ಹೋಗಿ ಪುನಃ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮಾತ್ರ ಮತ್ತೆ ಅಡಿಗೆಗೆ ಬಳಸಬಾರದು.