ಸಾತಾರೆಯ ಡಾಕ್ಟರು ಕಂಡ ಕರಿಕಾಳು

ಪಾಲಬಾವಿಯ ಕಡೆ ಹೊಲದಲ್ಲಿ ದುಡಿದವರ ಕಾಲು ಜಾಲಿಮುಳ್ಳಿನ ರುಚಿ ನೋಡದೆ ಇರುವುದಿಲ್ಲ. ಪಿನ್ನಿನಿಂದ ಕೆದಕಿ ಮುಳ್ಳು ತೆಗೆದು, ಎಣ್ಣೆ ಅರಿಷಿಣ ಹಚ್ಚಿ ಮತ್ತೆ ಕೆಲಸಕ್ಕೆ ಇಳಿದರೆ ಮುಗಿಯಿತು. ಆದರೆ ಅಪರೂಪಕ್ಕೊಮ್ಮೆ ಮುಳ್ಳು ತನ್ನ ಜೊತೆ ಮಣ್ಣಿನ ಶಿಲೀಂಧ್ರವನ್ನೂ ಒಳಗೆ ಬಿಟ್ಟು ಬರುತ್ತದೆ. ತಿಂಗಳುಗಳು ಕಳೆದ ಮೇಲೆ ಪಾದದಲ್ಲಿ ನೋವಿಲ್ಲದ ಗಂಟು ಏಳುತ್ತದೆ. ಮುಂದೆ ಅದು ಅಲ್ಲಲ್ಲಿ ಬಾಯಿಬಿಟ್ಟು, ಕೀವಿನ ಜೊತೆ ಕೋವಿಮದ್ದಿನಂಥ ಕರಿಕಾಳು ಉದುರತೊಡಗುತ್ತದೆ. ಬರಿಗಾಲಲ್ಲಿ ದುಡಿಯುವವರನ್ನೇ ಹುಡುಕಿ ಹಿಡಿಯುವ ಈ ರೋಗಕ್ಕೆ ಮೈಸಿಟೋಮಾ ಎಂದು ಹೆಸರು.

ಆ ಹೆಸರು ಕೊಟ್ಟ ಮನುಷ್ಯ ನಮ್ಮ ಸೀಮೆಗೆ ಹೊರಗಿನವನೇನಲ್ಲ. ನಿಪ್ಪಾಣಿಯಿಂದ ಪುಣೆ ಹೆದ್ದಾರಿ ಹಿಡಿದು ಕೊಲ್ಲಾಪುರ, ಕರಾಡ ದಾಟಿದರೆ ಸಾತಾರೆ. 1860ರ ದಶಕದಲ್ಲಿ ಅಲ್ಲಿ ಸಿವಿಲ್ ಸರ್ಜನ್ ಆಗಿದ್ದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಆಗ ನಮ್ಮ ಕಡೆಯ ಚಿಕ್ಕೋಡಿ ಮುಂಬಯಿ ಪ್ರಾಂತಕ್ಕೆ, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದವು. ವೈದ್ಯಕೀಯ ಓದಿದವರೆಲ್ಲ ಇವನ ಕೈಕೆಲಸ ನೋಡಿದ್ದಾರೆ, ಹೆಸರು ಮಾತ್ರ ಕೇಳಿಲ್ಲ. 1858ರಲ್ಲಿ ಬಂದ ‘ಗ್ರೇಸ್ ಅನಾಟಮಿ’ಯ ಚಿತ್ರಗಳೆಲ್ಲ ಕಾರ್ಟರ್ ಬರೆದವು. ಪುಸ್ತಕದ ಶೀರ್ಷಿಕೆಪುಟದಲ್ಲಿ ಕಾರ್ಟರ್ ಹೆಸರು ತನ್ನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿರಲಿ ಎಂದು ಹೇಳಿ ಮಾಡಿಸಿದವನು ಅದರ ಲೇಖಕ ಹೆನ್ರಿ ಗ್ರೇ. ಇಂದಿಗೂ ಆ ಪುಸ್ತಕ ಗ್ರೇಯದೇ.

ಪುಸ್ತಕ ಬಂದ 1858ರಲ್ಲೇ ಮುಂಬಯಿಗೆ ಬಂದ ಕಾರ್ಟರ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕತ್ತರಿಸಿ ತೆಗೆದ ಪಾದಗಳನ್ನು ಸೀಳಿ ನೋಡಿದ. ಮದುರೈನಲ್ಲಿ 1840ರ ದಶಕದಲ್ಲೇ ವೈದ್ಯರು ಈ ರೋಗವನ್ನು ದಾಖಲಿಸಿದ್ದರು, ಆದರೆ ಕಾರಣ ಹೇಳಿರಲಿಲ್ಲ. ಕರಿಕಾಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಶಿಲೀಂಧ್ರದ ಎಳೆಗಳ ಗಂಟು ಎಂದು ಹೇಳಿದವನು ಕಾರ್ಟರ್. ಸೀಸೆಯಲ್ಲಿಟ್ಟ ಮಾದರಿಯ ಮೇಲೆ ಬೆಳೆದ ಕೆಂಪು ಬೂಷ್ಟಿಗೆ ಇಂಗ್ಲೆಂಡಿನ ಪಾದ್ರಿ-ಸಸ್ಯವಿಜ್ಞಾನಿ ಬರ್ಕ್ಲಿ ಕಾರ್ಟರ್ ಹೆಸರನ್ನೇ ಇಟ್ಟ. ದುರದೃಷ್ಟ, ಆ ಕೆಂಪು ಬೂಷ್ಟು ರೋಗಕ್ಕೆ ಸಂಬಂಧಿಸಿದ್ದೇ ಅಲ್ಲ, ಹೊರಗಿಂದ ಬಂದು ಕೂತದ್ದು. 1874ರಲ್ಲಿ ಕಾರ್ಟರ್ ಈ ರೋಗದ ಮೇಲೆ ಇಡೀ ಪುಸ್ತಕ ಬರೆದ. ಮರುವರ್ಷವೇ ಕಲ್ಕತ್ತೆಯ ಲೂಯಿಸ್ ಮತ್ತು ಕನ್ನಿಂಗ್‌ಹ್ಯಾಮ್, ಶಿಲೀಂಧ್ರವೇ ರೋಗದ ಮೂಲ ಎಂಬುದನ್ನು ಒಪ್ಪಲಾಗದು ಎಂದು ತಕರಾರು ತೆಗೆದರು. ಕರಿಕಾಳಿನ ಮಟ್ಟಿಗೆ ಗೆದ್ದದ್ದು ಕಾರ್ಟರನೇ. ಆ ಶಿಲೀಂಧ್ರಕ್ಕೆ ‘ಮದುರೆಲ್ಲಾ’ ಎಂಬ ಕುಲನಾಮ ಬಂದಾಗ 1905, ಕಾರ್ಟರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಕಾಳು ಗೊತ್ತಾಯಿತು. ಕಾಳಿನ ಸುತ್ತ ದೇಹ ಏನು ಮಾಡುತ್ತದೆ? ಅಲ್ಲಿಯೂ ಒಂದು ಮುಳ್ಳೇ ದಾರಿ ತೋರಿಸಿತು. ರಷ್ಯದ ಮೆಚ್ನಿಕಾಫ್ 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗಾಗುವಷ್ಟರಲ್ಲಿ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿದ್ದವು. 1884ರಲ್ಲಿ ನೀರಿನ ಸೂಕ್ಷ್ಮ ಪ್ರಾಣಿ ಡಾಫ್ನಿಯಾದಲ್ಲಿ, ಸೂಜಿಯಂಥ ಶಿಲೀಂಧ್ರ ಬೀಜಕಗಳನ್ನು ರಕ್ತಕೋಶಗಳು ನುಂಗುವುದನ್ನೇ ಕಂಡ. ಅಂದರೆ ನುಂಗುವ ಕೋಶಗಳ ಸಿದ್ಧಾಂತ ಗಟ್ಟಿಯಾದದ್ದು ಶಿಲೀಂಧ್ರ ರೋಗದ ಮೇಲೆಯೇ. 1908ರಲ್ಲಿ ನೊಬೆಲ್ ಬಂತು.

ಇದು ಶತ್ರು ಎಂದು ಆ ಕೋಶಕ್ಕೆ ತಿಳಿಯುವುದಾದರೂ ಹೇಗೆ? ಇದಕ್ಕೆ ಉತ್ತರ ಸಿಗಲು ಮತ್ತೊಂದು ಶತಮಾನ ಬೇಕಾಯಿತು. 1996ರಲ್ಲಿ ಸ್ಟ್ರಾಸ್‌ಬರ್ಗಿನ ಪ್ರಯೋಗಾಲಯದಲ್ಲಿ ‘ಟೋಲ್’ ಎಂಬ ಜೀನ್ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರಕ್ಕೆ ಬಲಿಯಾದವು, ಮೈತುಂಬ ಬೂಷ್ಟು ಹಬ್ಬಿತ್ತು. ಶಿಲೀಂಧ್ರದ ವಿರುದ್ಧ ರಕ್ಷಣೆ ಎಬ್ಬಿಸಲು ಟೋಲ್ ಬೇಕೇ ಬೇಕು ಎಂದು ಹಾಗೆ ತಿಳಿಯಿತು. ಈ ಕೆಲಸಕ್ಕೆ 2011ರ ನೊಬೆಲ್ ಪಾಲು ಸಿಕ್ಕಿದ್ದು ಪ್ರಯೋಗಾಲಯದ ಮುಖ್ಯಸ್ಥ ಹಾಫ್‌ಮನ್‌ಗೆ. ಪ್ರಯೋಗ ಮಾಡಿದ ಲೆಮೇತ್ರ್ ತನ್ನ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿಕೊಂಡ. ಕಾರ್ಟರ್ ಬದುಕಿದ್ದರೆ ಆ ಸಂಕಟ ಅವನಿಗೆ ಅರ್ಥವಾಗುತ್ತಿತ್ತು.

2001ರಲ್ಲಿ ಆಕ್ಸ್‌ಫರ್ಡಿನ ಗಾರ್ಡನ್ ಬ್ರೌನ್ ಮತ್ತು ಸಿಯಾಮನ್ ಗಾರ್ಡನ್ ಶಿಲೀಂಧ್ರದ ಗುರುತು ಹಿಡಿಯುವ, ಕೋಶದ ಮೇಲಿನ ಇನ್ನೂ ನೇರವಾದ ಗ್ರಾಹಕವೊಂದನ್ನು ಕಂಡುಕೊಂಡರು: ಡೆಕ್ಟಿನ್-1. ಶಿಲೀಂಧ್ರದ ಗೋಡೆಯಲ್ಲಿ ಬೀಟಾ-ಗ್ಲುಕಾನ್ ಎಂಬ ಸಕ್ಕರೆಯ ಸರಪಳಿ ಇರುತ್ತದೆ, ಮನುಷ್ಯರ ಕೋಶಗಳಲ್ಲಿ ಇರುವುದಿಲ್ಲ. ಮ್ಯಾಕ್ರೊಫೇಜ್ ಎಂಬ ನುಂಗುವ ಕೋಶಗಳು ಡೆಕ್ಟಿನ್-1ರಿಂದ ಅದನ್ನು ತಡವಿ ಗುರುತಿಸಿ, ನುಂಗುತ್ತವೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಿಗೆ ಕರೆ ಕಳಿಸುತ್ತವೆ. ಅನೇಕ ಶಿಲೀಂಧ್ರಗಳು ಅದೇ ಗ್ಲುಕಾನನ್ನು ಬೇರೊಂದು ಹೊದಿಕೆಯಡಿ ಬಚ್ಚಿಡುತ್ತವೆ.

ಈಗ ಕಾರ್ಟರನ ಕಾಳಿಗೆ ಮರಳಿದರೆ, ಅಂಗಾಂಶದ ತೆಳು ಪದರದಲ್ಲಿ ಎಲ್ಲ ಕಾಣುತ್ತದೆ. ಮೊದಲು ನ್ಯೂಟ್ರೊಫಿಲ್‌ಗಳು ಕಾಳಿನ ಅಂಚಿಗೆ ಅಂಟಿಕೊಂಡು ಒಳನುಗ್ಗಲು ನೋಡುತ್ತವೆ. ಬಳಿಕ ಅವು ಕರಗಿ, ಮ್ಯಾಕ್ರೊಫೇಜ್‌ಗಳು ಒಂದಾಗಿ ರೂಪುಗೊಂಡ ದೈತ್ಯ ಕೋಶಗಳು ಉಳಿದ ಚೂರುಗಳನ್ನು ನುಂಗುತ್ತವೆ. ಕೊನೆಗೆ ಬರೀ ಕೋಶಗಳ ಗಂಟು. ಆದರೆ ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯ ತುಂಬಿದ ಗಟ್ಟಿ ಕಾಳು ಬಹಳ ಸಲ ಜಗ್ಗುವುದಿಲ್ಲ, ಮುತ್ತಿಗೆ ವರ್ಷಗಟ್ಟಲೆ ನಡೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಲಸಿಕೆ ಇಲ್ಲ, ಔಷಧ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ರೋಗ ಎಲುಬಿಗೆ ಇಳಿದು ಪಾದ ಕಳೆದುಕೊಂಡವರೂ ಇದ್ದಾರೆ. ಕಾಲಲ್ಲಿ ನೋವಿಲ್ಲದ ಗಂಟು ಉಳಿದರೆ, ನೋಯುತ್ತಿಲ್ಲವಲ್ಲ ಎಂದು ಸುಮ್ಮನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಕಾಳು ಉದುರುತ್ತಿದ್ದರೆ ಅದನ್ನೂ ತೋರಿಸಿ. ಇಂಥದೇ ಗಂಟು ಬ್ಯಾಕ್ಟೀರಿಯದಿಂದಲೂ ಏಳಬಹುದು. ಕಾರಣ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಎಂದು ತಿಳಿಯದೆ ಔಷಧ ಬರೆಯಲಾಗದು, ಎರಡಕ್ಕೂ ಮದ್ದು ಬೇರೆ ಬೇರೆ.