ಗ್ರಹ ಮೊದಲು, ಜೀವಿ ಆಮೇಲೆ

ವೈಜ್ಞಾನಿಕ ಕಥೆಯ ಅನ್ಯಗ್ರಹ ಜೀವಿಯನ್ನು ಓದುಗರು ನಂಬಬೇಕಾದರೆ, ಅದು ಹುಟ್ಟಿದ ಗ್ರಹ ಮೊದಲು ನಂಬುವಂತಿರಬೇಕು. ಹಸಿರು ಚರ್ಮ, ದೊಡ್ಡ ತಲೆ, ಮೂರು ಕಣ್ಣು ಎಂದು ಮೈಯ ವರ್ಣನೆಯಿಂದ ಶುರುವಾಗುವ ಜೀವಿ ವೇಷ ಹಾಕಿದ ಮನುಷ್ಯನಾಗಿಯೇ ಉಳಿಯುತ್ತದೆ. ಗ್ರಹದ ಗುರುತ್ವ, ಗಾಳಿ, ದ್ರವ, ಬೆಳಕು, ವಯಸ್ಸು ಇವನ್ನು ಮೊದಲು ಗೊತ್ತುಮಾಡಿಕೊಂಡರೆ, ಅಲ್ಲಿ ಎಂಥ ಮೈ ಸಾಧ್ಯ ಎಂಬುದು ತಾನಾಗಿ ಹೊಮ್ಮುತ್ತದೆ. ಇದಕ್ಕೆ ಬೇಕಾದ ಪಾಠಗಳಲ್ಲಿ ಹಲವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಲ್ಲು ಮಣ್ಣಿನಲ್ಲೇ ಸಿಗುತ್ತವೆ.

ಮೊದಲನೆಯದು ಗುರುತ್ವ. ಪ್ರಾಣಿಯೊಂದನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡು ಪಟ್ಟು ಹಿಗ್ಗಿಸಿದರೆ ಅದರ ತೂಕ ಎಂಟು ಪಟ್ಟಾಗುತ್ತದೆ. ಆದರೆ ಆ ತೂಕ ಹೊರುವ ಎಲುಬಿನ ಅಡ್ಡಕೊಯ್ತದ ಅಳತೆ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಗೆಲಿಲಿಯೊ 1638ರಲ್ಲೇ ತೋರಿಸಿದ ಲೆಕ್ಕ ಇದು. ಆನೆಗಾತ್ರದ ಇರುವೆಯನ್ನು ಕಥೆಗೆ ತಂದರೆ ಅದರ ಸಣಕಲು ಕಾಲುಗಳು ನಿಂತಲ್ಲೇ ಮುರಿಯುತ್ತವೆ. ಅದಕ್ಕೆ ಉಸಿರಾಟದ ತೊಡಕೂ ಇದೆ. ಕೀಟಗಳಿಗೆ ಶ್ವಾಸಕೋಶವಿಲ್ಲ, ಮೈಯೊಳಗಿನ ಸಣ್ಣ ಕೊಳವೆಗಳ ಮೂಲಕ ಗಾಳಿ ಒಳಹೋಗಬೇಕು. ಮೈ ಬೆಳೆದಷ್ಟೂ ಆ ದಾರಿ ಉದ್ದವಾಗುತ್ತದೆ.

ಈ ಲೆಕ್ಕವನ್ನು ಅಮೆರಿಕದ ಲೇಖಕ ಹಾಲ್ ಕ್ಲೆಮೆಂಟ್ 1953ರಲ್ಲಿ ಪ್ರಕಟವಾದ ‘ಮಿಷನ್ ಆಫ್ ಗ್ರಾವಿಟಿ’ ಕಾದಂಬರಿಯಲ್ಲಿ ಶ್ರದ್ಧೆಯಿಂದ ಪಾಲಿಸಿದರು. ಅವರ ಮೆಸ್ಕ್ಲಿನ್ ಗ್ರಹ ಬಲು ವೇಗವಾಗಿ ತಿರುಗುತ್ತದೆ. ಹಾಗಾಗಿ ಸಮಭಾಜಕದಲ್ಲಿ ಗುರುತ್ವ ಭೂಮಿಯ 3 ಪಟ್ಟಿದ್ದರೆ, ಧ್ರುವದಲ್ಲಿ ಸುಮಾರು 700 ಪಟ್ಟು. ಅಲ್ಲಿನ ಬುದ್ಧಿವಂತ ಜೀವಿಗಳು ನೆಲಕ್ಕೆ ಅಂಟಿದಂತೆ ಹರಿದಾಡುವ, ಹಲವು ಕಾಲುಗಳ, ಒಂದೂವರೆ ಅಡಿಗೂ ಕಡಿಮೆ ಉದ್ದದ ಜೀವಿಗಳು. ಚೂರು ಎತ್ತರದಿಂದ ಬಿದ್ದರೂ ಸಾವು ಖಚಿತವಾದ್ದರಿಂದ ಎತ್ತರವೆಂದರೆ ಅವಕ್ಕೆ ಪ್ರಾಣಭಯ. ಗುರುತ್ವ ಅವುಗಳ ಮೈಯನ್ನಷ್ಟೇ ಅಲ್ಲ, ಮನಸ್ಸನ್ನೂ ರೂಪಿಸಿದೆ. ಕಾದಂಬರಿಯ ಗಟ್ಟಿತನ ಇರುವುದು ಇಲ್ಲೇ.

ಎರಡನೆಯದು ರಸಾಯನ. ಭೂಮಿಯ ಜೀವಿಗಳೆಲ್ಲ ಇಂಗಾಲದಿಂದ ಆದವು. ಸಿಲಿಕಾನ್ ಕೂಡ ಇಂಗಾಲದಂತೆ ನಾಲ್ಕು ಬಂಧಗಳನ್ನು ಮಾಡಬಲ್ಲುದು ಎಂಬ ಕಾರಣಕ್ಕೆ ಕಥೆಗಾರರು ಸಿಲಿಕಾನ್ ಜೀವಿಗಳನ್ನು ಸೃಷ್ಟಿಸಿದ್ದಾರೆ. ಇದರ ಕಷ್ಟ ತಿಳಿಯಬೇಕಾದರೆ ಸವದತ್ತಿಯ ಗುಡ್ಡಗಳನ್ನು ನೋಡಬೇಕು. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋಗುವ ಆ ಗಟ್ಟಿ ಬೆಣಚುಶಿಲೆಗೆ ಭೂವಿಜ್ಞಾನದಲ್ಲಿ ‘ಸವದತ್ತಿ ಕ್ವಾರ್ಟ್‌ಜೈಟ್’ ಎಂದೇ ಹೆಸರು. ಅದರ ಬಹುಪಾಲು ಸಿಲಿಕಾನ್ ಡೈಆಕ್ಸೈಡ್. ಇಂಗಾಲ ಆಮ್ಲಜನಕದೊಡನೆ ಸೇರಿದರೆ ಅನಿಲವಾಗುತ್ತದೆ. ಉಸಿರಿನೊಡನೆ ಸಲೀಸಾಗಿ ಹೊರಬೀಳುತ್ತದೆ. ಸಿಲಿಕಾನ್ ಸೇರಿದರೆ ಕಲ್ಲಾಗುತ್ತದೆ. ಅದು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮ್ಲಜನಕ ಉಸಿರಾಡುವ ಸಿಲಿಕಾನ್ ಜೀವಿ ಪ್ರತಿ ಉಸಿರಿಗೂ ಮರಳನ್ನು ಹೊರಹಾಕಬೇಕಾದೀತು. ಅಂಥ ಜೀವಿ ಬೇಕೇಬೇಕೆಂದರೆ ಆಮ್ಲಜನಕವಿಲ್ಲದ ಗ್ರಹವನ್ನು ಆರಿಸಿಕೊಳ್ಳಬೇಕು.

ಜೀವರಸಾಯನಕ್ಕೆ ದ್ರವವೊಂದು ಬೇಕು. ಅದು ನೀರೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ಶನಿಯ ಉಪಗ್ರಹ ಟೈಟನ್‌ನಲ್ಲಿ ಮಿಥೇನ್ ಮತ್ತು ಈಥೇನ್ ದ್ರವಗಳ ಸರೋವರಗಳಿವೆ. ಅಲ್ಲಿನ ಉಷ್ಣತೆ ಮೈನಸ್ 179 ಡಿಗ್ರಿ. ನೀರು ಬಂಡೆಯಷ್ಟು ಗಟ್ಟಿ. ಅಷ್ಟು ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ಬಹಳ ನಿಧಾನ. ಟೈಟನ್ ಜೀವಿಯನ್ನು ಕಲ್ಪಿಸುವವರು ಅದರ ಬೆಳವಣಿಗೆ, ಚಲನೆ, ಯೋಚನೆಗಳನ್ನೂ ನಿಧಾನಗೊಳಿಸಬೇಕು. ಆದರೆ ಅಲ್ಲಿ ಗುರುತ್ವ ಭೂಮಿಯದರ ಏಳರಲ್ಲಿ ಒಂದು ಪಾಲು, ಗಾಳಿ ಇಲ್ಲಿಗಿಂತ ದಟ್ಟ. ಆದ್ದರಿಂದ ಹಾರಾಟ ಸುಲಭ.

ಮೂರನೆಯದು ಕಾಲ. ರಾಮದುರ್ಗದಿಂದ ಬಾಗಲಕೋಟೆಯ ಕಡೆಗೆ ಹಬ್ಬಿದ ಕಲಾದಗಿ ಶಿಲಾವಲಯದ ಸುಣ್ಣದ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ರಚನೆಗಳಿವೆ. ಸೂಕ್ಷ್ಮಜೀವಿಗಳು ಆಳವಿಲ್ಲದ ಕಡಲಿನಲ್ಲಿ ಕಟ್ಟಿದ ಆ ಪದರಗಳಿಗೆ 100 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಭೂಮಿಯಲ್ಲಿ ಜೀವ ಹುಟ್ಟಿ ಸುಮಾರು 350 ಕೋಟಿ ವರ್ಷಗಳಾದರೂ, ಕಣ್ಣಿಗೆ ಕಾಣುವ ಪ್ರಾಣಿಗಳು ಬಂದು ಸುಮಾರು 60 ಕೋಟಿ ವರ್ಷಗಳಷ್ಟೇ ಆಗಿವೆ. ಅದಕ್ಕೆ ಮೊದಲು ಸೂಕ್ಷ್ಮಜೀವಿಗಳು ಗಾಳಿಗೆ ಆಮ್ಲಜನಕ ತುಂಬಬೇಕಾಯಿತು. ಹೊಸದಾಗಿ ಹುಟ್ಟಿದ ಗ್ರಹದಲ್ಲಿ ನಾಗರಿಕತೆ ಕಟ್ಟಿದ ಜೀವಿಗಳನ್ನು ತೋರಿಸುವ ಕಥೆ ಈ ದೀರ್ಘ ಸಿದ್ಧತೆಯನ್ನು ಮರೆತಿರುತ್ತದೆ. ಎಳೆಯ ಗ್ರಹದಲ್ಲಿ ಯಾನಿಗಳಿಗೆ ಎದುರಾಗಬಹುದಾದದ್ದು ಬಂಡೆಗೆ ಅಂಟಿದ ಲೋಳೆಯ ಪದರ.

ನಾಲ್ಕನೆಯದು ಆಹಾರ ಮತ್ತು ನೆರೆಹೊರೆ. ಬರಡು ಗ್ರಹದಲ್ಲಿ ಒಂಟಿಯಾಗಿ ಅಲೆಯುವ ದೈತ್ಯ ಬೇಟೆಗಾರ ಪ್ರಾಣಿ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾನಿಗಳು ಬರುವ ಮೊದಲು ಅದು ಏನನ್ನು ತಿನ್ನುತ್ತಿತ್ತು ಎಂಬುದಕ್ಕೆ ಕಥೆಯಲ್ಲಿ ಉತ್ತರವಿರಬೇಕು. ಬೇಟೆಗಾರ ಪ್ರಾಣಿ ಒಂದಿದ್ದರೆ ಅದಕ್ಕೆ ಬಲಿಯಾಗುವ ಪ್ರಾಣಿಗಳು ಹಲವು, ಅವಕ್ಕೆ ಆಹಾರವಾಗುವ ಸಸ್ಯದಂಥ ಜೀವಿಗಳು ಇನ್ನೂ ಹಲವು ಪಟ್ಟು ಇರಬೇಕು. ಶಕ್ತಿಯ ಮೂಲ ಸೂರ್ಯನೇ ಆಗಬೇಕಿಲ್ಲ. 1977ರಲ್ಲಿ ಗಲಾಪಗೋಸ್ ಬಳಿಯ ಕಡಲಾಳದಲ್ಲಿ ಬಿಸಿನೀರಿನ ಬುಗ್ಗೆಗಳು ಪತ್ತೆಯಾದವು. ಅಲ್ಲಿನ ಕೊಳವೆಹುಳುಗಳು ಬಾಯಿ, ಕರುಳು ಇಲ್ಲದೆ, ಮೈಯೊಳಗಿನ ಬ್ಯಾಕ್ಟೀರಿಯಾಗಳು ತಯಾರಿಸುವ ಆಹಾರದಿಂದ ಬದುಕುತ್ತವೆ. ಗುರುವಿನ ಉಪಗ್ರಹ ಯುರೋಪಾದ ಹಿಮದ ಕೆಳಗಿನ ಕಡಲಿಗೆ ಜೀವಿಗಳನ್ನು ಕಲ್ಪಿಸಲು ಇದು ಒಳ್ಳೆಯ ಆಧಾರ.

ಋತುಮಾನವೂ ಜೀವನಕ್ರಮವನ್ನು ತಿದ್ದುತ್ತದೆ. ಬೈಲಹೊಂಗಲದ ಎರೆಹೊಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ ಕೆಲವು ಜಾತಿಯ ಕಪ್ಪೆಗಳು ಮಣ್ಣೊಳಗೆ ಹುದುಗಿ ದಿನ ಕಳೆದು, ಮಳೆ ಬಿದ್ದೊಡನೆ ಮೇಲೆದ್ದು ಮೊಟ್ಟೆ ಇಡುತ್ತವೆ. ಬೇಸಿಗೆಯೇ ನೂರು ವರ್ಷ ಉಳಿಯುವ ಗ್ರಹವೊಂದನ್ನು ಕಲ್ಪಿಸಿಕೊಂಡರೆ, ಈ ಕಪ್ಪೆಯ ಜಾಣ್ಮೆಯನ್ನೇ ಹಿಗ್ಗಿಸಿ ಒಂದು ಸಮಾಜವನ್ನು ಕಟ್ಟಬಹುದು.

ಕೊನೆಯದು ಇಂದ್ರಿಯ ಮತ್ತು ಅಂಗಗಳು. 2016ರಲ್ಲಿ ಪತ್ತೆಯಾದ ‘ಪ್ರಾಕ್ಸಿಮಾ ಬಿ’ ಗ್ರಹ ಸುತ್ತುವುದು ಕೆಂಪು ಕುಬ್ಜ ನಕ್ಷತ್ರವನ್ನು. ಅದು ಸೂಸುವುದರಲ್ಲಿ ಬಹುಪಾಲು ಅವಕೆಂಪು ಕಿರಣ. ಅಂಥ ಗ್ರಹದ ಎಲೆಗಳು ಸಿಕ್ಕ ಬೆಳಕನ್ನೆಲ್ಲ ಹೀರಲು ಕಪ್ಪಾಗಿರಬಹುದು. ಕಣ್ಣುಗಳು ನಮಗೆ ಕಾಣದ್ದನ್ನು ಕಾಣಬಹುದು. ಭೂಮಿಯಲ್ಲಿ ಹಾರಾಟ ಕೀಟ, ಟೆರೊಸಾರ್, ಹಕ್ಕಿ, ಬಾವಲಿಗಳಲ್ಲಿ ನಾಲ್ಕು ಸಲ ಬೇರೆಬೇರೆಯಾಗಿ ವಿಕಾಸವಾಗಿದೆ. ಆದ್ದರಿಂದ ಅನ್ಯಲೋಕದಲ್ಲೂ ರೆಕ್ಕೆ, ಕಣ್ಣು ಇರುವುದು ಸಹಜ. ಎರಡು ಕೈ, ಎರಡು ಕಾಲಿನ ಮನುಷ್ಯಾಕಾರ ಮಾತ್ರ ಇಲ್ಲಿ ಒಮ್ಮೆ ನಡೆದ ಇತಿಹಾಸದ ಫಲ. ಅದು ಬೇರೆಡೆ ಮರುಕಳಿಸಲು ಕಾರಣವಿಲ್ಲ.

ವಿಜ್ಞಾನಕ್ಕೆ ಮೀರಿದ ಒಂದು ಊಹೆಯನ್ನು ಕಥೆಗಾರರು ಧಾರಾಳವಾಗಿ ಮಾಡಬಹುದು. ಆದರೆ ಅದರ ಪರಿಣಾಮಗಳನ್ನು ಕೊನೆಯವರೆಗೂ ಪಾಲಿಸಬೇಕು. ರಾಜಶೇಖರ ಭೂಸನೂರಮಠ ಅವರಂಥವರು ವೈಜ್ಞಾನಿಕ ಕಥೆಯ ದಾರಿಯನ್ನು ಕನ್ನಡದಲ್ಲಿ ಆಗಲೇ ತೆರೆದಿದ್ದಾರೆ. ಮುಂದೆ ಬರೆಯುವವರು ಪರದೇಶದ ಸಿನಿಮಾಗಳಿಂದ ಜೀವಿಗಳನ್ನು ಎರವಲು ತರುವ ಮೊದಲು ತಮ್ಮ ಸೀಮೆಯ ಕಲ್ಲು, ಮಣ್ಣು, ಕಪ್ಪೆಗಳನ್ನು ಗಮನವಿಟ್ಟು ಅಭ್ಯಾಸ ಮಾಡಲಿ.